ಒಂಬತ್ತನೇ ಮಂಚದ ಕೈ

ಕೇಳೋರು ಹತ್ತಿರ ಬನ್ನಿ, ನಿದ್ದೆ ಬರೋರು ಗೋಡೆಗೆ ಒರಗಿ, ನಗೋರು ಮಾತ್ರ ಸ್ವಲ್ಪ ತಡೀರಿ. ಈ ಕತೆಯಲ್ಲಿ ನಗು ಎಲ್ಲಿ ಬರುತ್ತೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಹೇಳ್ತಾ ಹೇಳ್ತಾ ನೋಡೋಣ.

ಹುರುಳಿಕೊಪ್ಪಲಲ್ಲಿ ಒಬ್ಬಳು ತಾಯಿ. ಹೆಸರು ಜವರಮ್ಮ. ಅವಳಿಗೊಬ್ಬ ಮಗ. ಹೆಸರು ಮುದ್ದೀರ. ವಯಸ್ಸು ಮೂವತ್ತು. ಮೀಸೆ ಇತ್ತು, ಮೈಕಟ್ಟಿತ್ತು, ಬುದ್ಧಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಹೇಳಿದ್ದನ್ನ ಹೇಳಿದ ಹಾಗೆ ಮಾಡೋನು. ಹೇಳಿದ ಹಾಗೆ ಅಂದರೆ ಹೇಳಿದ ಹಾಗೇ! ‘ಹಾಲು ಉಕ್ತದೆ, ನೋಡ್ಕೊಳ್ಳೋ’ ಅಂದರೆ ಉಕ್ಕಿ ಒಲೆಯೆಲ್ಲ ಆರೋ ತನಕ ಕಣ್ಣು ಮಿಟುಕಿಸದೆ ನೋಡೋನು. ‘ಕೋಳಿ ಮುಚ್ಚೋ’ ಅಂದರೆ ಅವಕ್ಕೆ ಕಂಬಳಿ ಹೊದಿಸೋನು.

“ಅಯ್ಯೋ ನನ್ ಕರ್ಮವೇ!” ಅಂತ ಜವರಮ್ಮ ಹಣೆ ಚಚ್ಚಿಕೊಳ್ಳೋಳು.

“ಚಚ್ಚಿಕೋಬೇಡ ಕಣವ್ವ, ನೋವಾಯ್ತದೆ” ಅನ್ನೋನು ಮುದ್ದೀರ. ಅಷ್ಟು ಒಳ್ಳೇನು.

ಈಗ ಬರಾಕಿನ ಮಾತು ಕೇಳಿ. ಕೊಪ್ಪಲಿನಿಂದ ಅರ್ಧ ಮೈಲಿಗೆ ದಂಡಿನಕೋಟೆ ಅಂತ ಹಳೇ ಊರು. ಆ ಊರೊಳಗೆ ರಾಜರ ಕಾಲದ ಕುದುರೆ ದಂಡಿನ ಬ್ಯಾರಕ್ಸು. ನಮ್ಮೋರ ಬಾಯಲ್ಲಿ ಬರಾಕು. ಉದ್ದಾನುದ್ದ ಒಂದೇ ಹಜಾರ, ಎರಡು ಸಾಲು ಕಬ್ಬಿಣದ ಮಂಚ. ಈಗ ಮಂಚದಲ್ಲಿ ಮಲಗೋರಿಲ್ಲ, ಬಂದೋರು ನೋಡ್ಕೊಂಡು ಹೋಗೋದು ಅಷ್ಟೇ.

ಆ ದಂಡಿನೋರಿಗೆ ಒಂದು ಪದ್ಧತಿ ಇತ್ತು. ಯುದ್ಧಕ್ಕೆ ಹೊರಡೋ ಬೆಳಗ್ಗೆ ಪ್ರತಿಯೊಬ್ಬನೂ ಬಲಗೈಯನ್ನ ಕೆಮ್ಮಣ್ಣಿನಲ್ಲಿ ಅದ್ದಿ ತನ್ನ ಮಂಚದ ಮೇಲಿನ ಗೋಡೆಗೆ ಒತ್ತಿ ಹೋಗೋದು. ತಿರುಗಿ ಬಂದೋನು ತನ್ನ ಕೈಯನ್ನ ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಂದೋರು ಬಂದು ಒರೆಸಿಕೊಂಡರು. ಬಾರದೋರದು ಹಾಗೇ ಉಳೀತು. ಹಾಗೆ ಉಳಿದಿದ್ದವು ಹನ್ನೊಂದು ಕೈ.

ಅದರಲ್ಲಿ ಬಾಗಿಲಿಂದ ಒಂಬತ್ತನೇ ಮಂಚದ್ದು ಜವರಮ್ಮನ ಅಪ್ಪನದು. ಅವನು ದೂರದ ಯುದ್ಧಕ್ಕೆ ಹಡಗು ಹತ್ತಿದಾಗ ಜವರಮ್ಮ ಇನ್ನೂ ಅವಳವ್ವನ ಹೊಟ್ಟೆಯಲ್ಲಿದ್ದಳು. ಅವಳು ಅಪ್ಪನ ಮುಖ ಕಂಡಿಲ್ಲ, ಪಟ ಕಂಡಿಲ್ಲ. ಅಪ್ಪ ಅಂತ ಅವಳಿಗೆ ಈ ಭೂಮಿ ಮೇಲೆ ಇದ್ದದ್ದು ಆ ಒಂದು ಕೈ. ಅದನ್ನೂ ಕಂಡಿರಲಿಲ್ಲ! ಯಾಕೆಂದರೆ ಬರಾಕಿನ ಬಾಗಿಲಲ್ಲಿ ಒಂದು ಮರದ ಹಲಗೆ. ಹಲಗೆ ಮೇಲೆ ‘ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ’. ಹಲಗೆ ಪಕ್ಕ ಬರಾಕು ಕಾಯೋ ಹವಾಲ್ದಾರ್ ಲಕ್ಷ್ಮೋಜಿರಾವ್. ಆ ಹಲಗೆಯನ್ನಾದರೂ ಬಗ್ಗಿಸಬಹುದಿತ್ತು, ಅವರನ್ನ ಬಗ್ಗಿಸೋಕೆ ಆಗ್ತಿರಲಿಲ್ಲ.

ಒಂದು ಶುಕ್ರವಾರ ಬೆಳಗ್ಗೆ ಸುದ್ದಿ ಬಂತು. ಸೋಮವಾರ ದೊಡ್ಡ ಸಾಹೇಬರು ಬರಾಕು ನೋಡೋಕೆ ಬರ್ತಾರಂತೆ. ಅವರು ಬರೋ ಮುಂಚೆ ಗೋಡೆಗೆಲ್ಲ ಸುಣ್ಣವಂತೆ.

ಸುಣ್ಣ ಬಿದ್ದರೆ ಅಪ್ಪನ ಕೈ ಮುಚ್ಚಿಹೋಗುತ್ತೆ ಅಂತ ಜವರಮ್ಮ ಮಗನ ಕಂಬಳಿ ಎಳೆದಳು. “ಮುದ್ದೀರ! ಎದ್ದೇಳೋ! ಬರಾಕಿಗೆ ಹೋಗು. ಒಂಬತ್ತನೇ ಮಂಚದ ಮೇಲೆ ನಿನ್ ತಾತನ ಕೈ ಅದೆ. ಎಷ್ಟು ದೊಡ್ಡದು ಅಂತ ನೋಡ್ಕಂಡ್ ಬಾ.”

“ಹೋಯ್ತಿನಿ ಕಣವ್ವ.”

“ದಾರೀಲಿ ದೊಡ್ಡೋರು ಕಂಡ್ರೆ ಕೈ ಮುಗಿ. ಮೊನ್ನೆ ಪಟೇಲ್ರು ಬಯ್ದವ್ರೆ.”

“ಮುಗಿತಿನಿ ಕಣವ್ವ.”

ಹೋದ. ಒಂದು, ಎರಡು, ಮೂರು ಅಂತ ಒಂಬತ್ತು ಮಂಚ ಎಣಿಸಿದ. ತಾತನ ಕೈ ಕಂಡಿತು. ಅಂಗೈ ಬುಡಕ್ಕೆ ಒಂದು ಕೈ ಇಟ್ಟ, ಬೆರಳ ತುದಿಗೆ ಇನ್ನೊಂದು ಕೈ ಇಟ್ಟ. ‘ಇಷ್ಟು!’ ಅಂದುಕೊಂಡ. ಎರಡು ಕೈಯನ್ನೂ ಅಷ್ಟೇ ಅಂತರದಲ್ಲಿ ಗಾಳಿಯಲ್ಲಿ ಹಿಡ್ಕೊಂಡು, ಕಾಣದ ಮಡಕೆ ಹೊತ್ತವನ ಹಾಗೆ ಹೊರಟ.

ಹವಾಲ್ದಾರರು ಕೂಗಿದರು, “ಏಯ್! ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತು!”

“ಆಗಾಕಿಲ್ಲ ಸ್ವಾಮಿ, ಕೈ ತುಂಬ ತಾತ ಅವ್ನೆ.”

ಹವಾಲ್ದಾರರಿಗೆ ಏನೂ ಅರ್ಥವಾಗಲಿಲ್ಲ. ನೊಣ ಮೂಗಿನ ಮೇಲೆ ಕೂತಿತು, ಮುದ್ದೀರ ಕೈ ಎತ್ತಲಿಲ್ಲ. ಪಂಚೆ ಸಡಿಲವಾಯಿತು, ಕೈ ಇಳಿಸಲಿಲ್ಲ. ಹಾಗೂ ಹೀಗೂ ಕೊಪ್ಪಲಿನ ಬೇಲಿ ತನಕ ಅಳತೆ ಕೆಡದೆ ಬಂತು. ಅಲ್ಲಿ ಎದುರಿಗೆ ಯಾರು? ಪಟೇಲರು! ಅವ್ವ ಏನು ಹೇಳಿದ್ದಳು? ಮುದ್ದೀರ ಎರಡು ಕೈಯನ್ನೂ ಪಟಾರ್ ಅಂತ ಸೇರಿಸಿ ಮುಗಿದ. ಮುಗಿದ ಕೈ ಮುಗಿದ ಹಾಗೇ ಮನೆಗೆ ಬಂದ.

“ಎಷ್ಟುದ್ದ ಅದೆಯೋ?”

“ಇಷ್ಟು ಕಣವ್ವ!” ಅಂದ. ಎರಡು ಅಂಗೈ ನಡುವೆ ಸಾಸಿವೆ ಹೋಗೋಷ್ಟು ಜಾಗ ಇರಲಿಲ್ಲ.

“ಅಂದ್ರೆ ನಮ್ಮಪ್ಪಂಗೆ ಕೈಯೇ ಇರ್ನಿಲ್ವೇನೋ?”

“ಹೊರಟಾಗ ಇತ್ತು ಕಣವ್ವ. ಪಟೇಲ್ರು ಸಿಕ್ಕಿದ್ ಮ್ಯಾಲೆ ಇಲ್ಲ.”

“ಥೂ ನಿನ್ನ! ಅಳತೇನ ಗಾಳೀಲಿ ತರ್ತಾರೇನೋ? ದಾರ ತಗಂಡೋಗ್ಬೇಕು ಕಣೋ, ದಾರ! ಒಂದ್ ತುದಿ ತಾತನ ಬೆರಳಿಗೆ ಇಡು, ಇನ್ನೊಂದು ತುದಿ ತಂದು ನನ್ ಕೈಗೆ ಕೊಡು. ತಿಳೀತಾ?”

“ತಿಳೀತು ಕಣವ್ವ.”

ಜವರಮ್ಮ ಕುರಿ ಉಣ್ಣೆ ನೂತು ಕಂಬಳಿಯವರಿಗೆ ಕೊಡೋಳು. ಅಟ್ಟದ ಮೇಲೆ ನೂಲಿನ ಉಂಡೆಗಳು ಕುಂಬಳಕಾಯಿ ಗಾತ್ರ. ಶನಿವಾರ ಮುದ್ದೀರ ಅದರಲ್ಲಿ ಮೂರು ಉಂಡೆ ಕಂಕುಳಲ್ಲಿ ಇರುಕಿಕೊಂಡು ಹೋದ. ಒಂಬತ್ತನೇ ಮಂಚ. ತಾತನ ನಡುಬೆರಳ ನೆತ್ತಿಯಲ್ಲಿ ಟೋಪಿ ತೂಗುಹಾಕೋ ಗೂಟ. ಆ ಗೂಟಕ್ಕೆ ಒಂದು ತುದಿ ಕಟ್ಟಿದ. ಇನ್ನೊಂದು ತುದಿ ಅವ್ವನ ಕೈಗೆ ಕೊಡಬೇಕಲ್ಲ? ಉಂಡೆ ಬಿಚ್ಚುತ್ತಾ ಹೊರಟ.

ಬಿಚ್ಚಿದ, ನಡೆದ. ಬಿಚ್ಚಿದ, ನಡೆದ. ಬರಾಕಿನ ಬಾಗಿಲು ದಾಟಿದ, ಕೋಟೆ ಬಾಗಿಲು ದಾಟಿದ, ಸಂತೆಬೀದಿಗೆ ಬಂದ. ಸೈಕಲ್ಲಿನವನು ಬಿದ್ದ. ಬಳೆಗಾರ್ತಿ ಬಳೆ ಮಲಾರದ ಸಮೇತ ಸಿಕ್ಕಿಕೊಂಡಳು. ಒಂದು ಮೇಕೆ ಎರಡು ಸುತ್ತು ಸುತ್ತಿಕೊಂಡು ಮೂರನೇ ಸುತ್ತಿಗೆ ಕೂತುಬಿಟ್ಟಿತು.

“ಯಾರ್ದ್ಲಾ ಈ ದಾರ?”

“ನಮ್ ತಾತನ ಕೈ ಕಣಣ್ಣ. ತುಳೀಬೇಡ.”

ಮೂರನೇ ಉಂಡೆ ಮುಗಿಯೋಕೂ ಮನೆ ಹೊಸ್ತಿಲು ಬರೋಕೂ ಸರಿಹೋಯಿತು. ತುದಿಯನ್ನ ಅವ್ವನ ಕೈಗೆ ಕೊಟ್ಟ. “ತಗೋ ಕಣವ್ವ! ತಾತನ ಕೈ ಅಲ್ಲಿಂದ ಇಲ್ಲೀಗಂಟ ಅದೆ!”

ಜವರಮ್ಮ ದಾರ ನೋಡಿದಳು. ದಾರ ಹೋದ ದಾರಿ ನೋಡಿದಳು. ಬಯ್ಯೋಕೆ ಬಾಯಿ ತೆಗೆದಳು. ಏನು ತೋಚಿತೋ, ದಾರವನ್ನ ಒಂದು ಸಲ ಮೆಲ್ಲಗೆ ಎಳೆದಳು.

ಆ ಕಡೆಯಿಂದ ಯಾರೋ ತಿರುಗಿ ಎಳೆದರು!

ಜವರಮ್ಮ ದಾರ ಬಿಗಿಯಾಗಿ ಹಿಡ್ಕೊಂಡಳು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಸಲ ಎಳೆದಳು. ಆ ಕಡೆಯಿಂದ ಇನ್ನೊಂದು ಸಲ ಎಳೆದರು. ಅದು ಸಂತೆಬೀದಿಯ ಮೇಕೆ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಅವಳಿಗೆ ಗೊತ್ತಾಗಿದ್ದು ಆಮೇಲೆ. ಆ ಒಂದು ಗಳಿಗೆ ಅವಳು ಅಪ್ಪ ಇದ್ದ ಮಗಳಾಗಿದ್ದಳು. ನಗಬೇಡಿ ಅಂದೆ, ನಗ್ತಿದ್ದೀರಿ.

ಅಷ್ಟರಲ್ಲಿ ದಾರ ಸುತ್ತಿಕೊಳ್ತಾ ಸುತ್ತಿಕೊಳ್ತಾ ಹವಾಲ್ದಾರ್ ಲಕ್ಷ್ಮೋಜಿರಾವ್ ಹೊಸ್ತಿಲಿಗೇ ಬಂದರು. ಕೈಯಲ್ಲಿ ಉಂಡೆ, ಉಂಡೆ ಹಿಂದೆ ಮೇಕೆ, ಮೂಗಿನ ಮೇಲೆ ಕೋಪ.

“ಏನಮ್ಮ ಇದು! ಇವನು ಬರಾಕಿನಿಂದ ಊರಿಗೇ ಹಗ್ಗ ಹಾಕಿದ್ದಾನೆ! ಹೊರಗಿಂದ ತಂದದ್ದನ್ನ ಅಲ್ಲೇ ಕಟ್ಟಿ ಬರಬಹುದಾ? ತಂದದ್ದನ್ನ ತಂದ ಹಾಗೇ ವಾಪಸ್ ತಗೊಂಡು ಹೋಗಬೇಕು! ಅದು ಹುಕುಂ!”

ಜವರಮ್ಮ ಕೈ ಮುಗಿದಳು. “ತಪ್ಪಾಯ್ತು ಸ್ವಾಮಿ. ನಂಗೆ ನಮ್ಮಪ್ಪನ ಕೈ ಒಂದ್ಸಲ ಕಾಣ್ಬೇಕು. ಒಳೀಕೆ ಬಿಡಿ ಸ್ವಾಮಿ, ಒಂದೇ ಗಳಿಗೆ.”

“ಹಲಗೆ ಇದೆಯಲ್ಲಮ್ಮ.”

“ಯಾವ ಕಾಲದ್ದು ಸ್ವಾಮಿ ಆ ಹಲಗೆ?”

“ಕಾಲ ಯಾವುದಾದರೇನು? ಹಲಗೆ ಮೇಲೆ ಅಕ್ಷರ ಇರೋ ತನಕ ಹುಕುಂ ಇರುತ್ತೆ. ನಿಮ್ಮಪ್ಪನ ಕೈ ಒಂಬತ್ತು ಇಂಚು. ನಾನೇ ಅಳೆದಿದ್ದೀನಿ. ಸಾಕಾ?”

“ಇಂಚು ತಗಂಡು ನಾನೇನ್ ಮಾಡ್ಲಿ ಸ್ವಾಮಿ? ಅದ್ರ ಮ್ಯಾಲೆ ನನ್ ಕೈ ಇಟ್ಟು ನೋಡ್ಬೇಕು.”

ಹವಾಲ್ದಾರರು ಉಂಡೆಯನ್ನ ಹೊಸ್ತಿಲ ಮೇಲೆ ಇಟ್ಟರು. ಕೆಟ್ಟವರಲ್ಲ ಅವರು. ಆದರೆ ಹುಕುಮಿನ ಆಚೆಗೆ ಹೇಗೆ ಕಾಲಿಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಕೆ ಹಿಡ್ಕೊಂಡು ಹೊರಟುಹೋದರು.

ಜವರಮ್ಮ ಮಗನ ಕಡೆ ತಿರುಗಿದಳು. “ಕೇಳಿಸ್ಕಂಡ್ಯಾ? ನಾಳೆ ಭಾನುವಾರ, ಅದೇ ಕೊನೆ. ಕಾಗದ ತಗಂಡೋಗು, ಇದ್ದಲು ತಗಂಡೋಗು. ಕಾಗದ ಗೋಡೆಗೆ ಹಿಡಿದು ತಾತನ ಕೈ ಸುತ್ತ ಗೆರೆ ಎಳಿ. ಆಮ್ಯಾಕೆ ಹವಾಲ್ದಾರ್ರು ಹೇಳಿದ್ದು ಗ್ಯಾಪಕ ಇಟ್ಕೊ. ತಗಂಡೋಗಿದ್ದನ್ನ ತಗಂಡೋದಂಗೇ ತಿರುಗಿ ತರ್ಬೇಕು.”

“ತರ್ತಿನಿ ಕಣವ್ವ.”

ಭಾನುವಾರ ಹೋದ. ತೆಳು ಕಾಗದ, ಗಾಳಿಪಟದ್ದು. ಗೋಡೆಗೆ ಹಿಡಿದ. ಕೆಂಪು ಕೈ ಕಾಗದದಾಚೆಯಿಂದ ಮಸುಕಾಗಿ ಕಂಡಿತು. ಇದ್ದಲಿನಿಂದ ಗೆರೆ ಎಳೆದ. ಕಿರುಬೆರಳು ಬಂತು, ಉಂಗುರಬೆರಳು ಬಂತು, ನಡುಬೆರಳು, ತೋರುಬೆರಳು, ಹೆಬ್ಬೆರಳು. ನಿಜ ಹೇಳ್ತೀನಿ, ಇಷ್ಟು ಚೆನ್ನಾಗಿ ಒಬ್ಬ ಚಿತ್ತಾರದವನೂ ಬರೀತಿರಲಿಲ್ಲ. ಹವಾಲ್ದಾರರೇ ನೋಡಿ “ಭೇಷ್!” ಅಂದರು.

ಕೊಪ್ಪಲಿನ ಬೇಲಿ ಹತ್ತಿರ ಬಂದಾಗ ಮುದ್ದೀರನಿಗೆ ಅವ್ವನ ಮಾತು ನೆನಪಾಯಿತು. ತಗಂಡೋದಂಗೇ ತರಬೇಕು! ಹೋಗುವಾಗ ಕಾಗದ ಹೇಗಿತ್ತು? ಬೆಳ್ಳಗಿತ್ತು. ಈಗ ಹೇಗಿದೆ? ಕಪ್ಪಗಿದೆ. ಅಯ್ಯಯ್ಯೋ ಅಂದ. ಕಲ್ಲಿನ ಮೇಲೆ ಕೂತ. ಜೋಳಿಗೆಯಲ್ಲಿದ್ದ ಅರ್ಧ ರೊಟ್ಟಿ ತೆಗೆದು ಮೆತ್ತಗೆ ಉಜ್ಜಿದ. ಕಿರುಬೆರಳು ಹೋಯಿತು, ಉಂಗುರಬೆರಳು ಹೋಯಿತು, ಎಲ್ಲ ಹೋಯಿತು. ಕಾಗದ ಹರಿಯಲಿಲ್ಲ, ಒಂದು ಸುಕ್ಕಾಗಲಿಲ್ಲ.

“ತಂದ್ಯೇನೋ?” ಜವರಮ್ಮ ಕೈ ಒರೆಸಿಕೊಂಡು ಓಡಿ ಬಂದಳು.

“ತಂದಿವ್ನಿ ಕಣವ್ವ! ಹೆಂಗ್ ತಗಂಡೋದ್ನೋ ಹಂಗೇ!”

ಬಿಳೀ ಕಾಗದ. ಜವರಮ್ಮ ಮಗುಚಿ ನೋಡಿದಳು. ಆ ಕಡೆಯೂ ಬಿಳಿ.

“ಬರೀನಿಲ್ವಾ?”

“ಬರ್ದೆ ಕಣವ್ವ. ಐದು ಬೆರಳೂ ಬಂದಿದ್ವು. ಆಮ್ಯಾಕೆ ಅಳಿಸ್ದೆ.”

ಜವರಮ್ಮ ಕೂಗಾಡಲಿಲ್ಲ. ನೆಲಕ್ಕೆ ಕುಸಿದು ಕೂತಳು. “ಸಿಕ್ಕಿತ್ತಲ್ಲೋ... ಕೈಗೆ ಸಿಕ್ಕಿತ್ತಲ್ಲೋ ಮಗ! ಸಿಕ್ಕಿದ್ ಕೈನ ಯಾರಾದ್ರೂ ಬಿಡ್ತಾರೇನೋ? ಸಿಕ್ಕಿದ್ ಮ್ಯಾಲೆ ಬಿಡಬಾರ್ದು ಕಣೋ! ನಾನಾಗಿ ಬಿಡು ಅನ್ನೋಗಂಟ ಬಿಡಬಾರ್ದು!”

ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಊಟ ಮಾಡಲಿಲ್ಲ. ಮಗನಿಗೆ ನಾಳೆ ಹೋಗು ಅಂತಲೂ ಹೇಳಲಿಲ್ಲ. ಇನ್ನೇನಿದೆ ಹೇಳೋಕೆ? ಬೆಳಗಾದರೆ ಸುಣ್ಣ.

ಇಲ್ಲಿ ಕೇಳಿ. ಸೋಮವಾರ ಹೊತ್ತು ಹುಟ್ಟೋ ಹೊತ್ತಿಗೆ ಮುದ್ದೀರ ಯಾರೂ ಹೇಳದೆ ಎದ್ದ, ಯಾರೂ ಹೇಳದೆ ನಡೆದ. ಹುಟ್ಟಿದ ಮೇಲೆ ಅವನು ಹೇಳಿಸಿಕೊಳ್ಳದೆ ಮಾಡಿದ್ದು ಅದೊಂದೇ. ಒಂಬತ್ತನೇ ಮಂಚದ ಮೇಲೆ ಮಂಡಿಯೂರಿ, ತನ್ನ ಬಲಗೈಯನ್ನ ತಾತನ ಕೈ ಮೇಲೆ ಇಟ್ಟ. ಬೆರಳಿಗೆ ಬೆರಳು ಕೂತಿತು, ಅಂಗೈಗೆ ಅಂಗೈ ಕೂತಿತು. ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ತಾತನ ಕೈಯೂ ಅವನ ಕೈಯೂ ಒಂದೇ ಅಳತೆ!

ಬುದ್ಧಿ ಇದ್ದೋನಾಗಿದ್ದರೆ ಏನು ಮಾಡ್ತಿದ್ದ? ‘ಅವ್ವಾ, ನನ್ ಕೈ ನೋಡು, ಇಷ್ಟೇ’ ಅಂತ ಮನೆಗೆ ಓಡಿ ಬರ್ತಿದ್ದ. ಮುದ್ದೀರ ‘ಸಿಕ್ತು!’ ಅಂದ. ಸಿಕ್ಕಿದ ಮೇಲೆ ಬಿಡಬಾರದಲ್ಲ. ಹಾಗೇ ಒತ್ತಿ ಹಿಡ್ಕೊಂಡು ಕೂತ.

ಹವಾಲ್ದಾರರು ಹೂವಿನ ಹಾರ ತರೋಕೆ ಹೋಗಿದ್ದರು. ಹೋಗೋ ಮುಂಚೆ ಸುಣ್ಣ ಬಳಿಯೋ ಗವಿಯಪ್ಪನಿಗೆ ಹೇಳಿದ್ದರು, “ಗೋಡೆ ಮೇಲೆ ಏನಿದ್ದರೂ ಬಿಡಬೇಡ. ನಾನು ಬರೋ ಹೊತ್ತಿಗೆ ಎಲ್ಲ ಬೆಳ್ಳಗಿರಬೇಕು.” ಗವಿಯಪ್ಪ ಬಾಗಿಲಿನಿಂದ ಶುರು ಮಾಡಿದ. ಬಾಗಿಲ ಗೋಡೆ ಮೇಲೆ ಹಲಗೆ ಇತ್ತು, ಹಲಗೆಗೂ ಬಳಿದ. ಗೂಟಕ್ಕೂ ಬಳಿದ. ಗೋಡೆ ಮೇಲೊಂದು ಹಲ್ಲಿ ಇತ್ತು, ಅದರ ಅರ್ಧ ಬಾಲಕ್ಕೂ ಬಿತ್ತು. ಒಂದು ಕೈ ಹೋಯಿತು, ಎರಡು ಕೈ ಹೋಯಿತು. ಒಂಬತ್ತನೇ ಮಂಚಕ್ಕೆ ಬಂದ.

“ಏಳಯ್ಯ ಮ್ಯಾಲಕ್ಕೆ, ಸುಣ್ಣ ಹೊಡೀಬೇಕು.”

“ಏಳಾಕಿಲ್ಲ. ನಮ್ಮವ್ವ ಬಿಡು ಅನ್ಬೇಕು.”

ಗವಿಯಪ್ಪ ತಲೆ ಕೆರೆದುಕೊಂಡ. ಗೋಡೆ ಮೇಲೆ ಏನಿದ್ದರೂ ಬಿಡಬೇಡ ಅಂದವರೆ. ಇವನು ಗೋಡೆ ಮೇಲೆ ಇದ್ದಾನಾ? ಇದ್ದಾನೆ.

“ಹಂಗಾದ್ರೆ ಕಣ್ ಮುಚ್ಕೊ.”

“ಮುಚ್ಕಂಡೆ.”

ಬಳಿದ. ಕೈಗೆ ಬಳಿದ, ತೋಳಿಗೆ ಬಳಿದ, ತಲೆಗೆ ಬಳಿದ, ಎರಡು ಕಿವಿಗೂ ತುಂಬ ಬಳಿದ. ಮುಂದಿನ ಮಂಚಕ್ಕೆ ಹೋದ. ಹನ್ನೊಂದರಲ್ಲಿ ಹತ್ತು ಕೈ ಹೋದವು. ಆ ಹತ್ತು ಮನೆಗೆ ಒಬ್ಬರೂ ಒಂದು ಮಾತು ಹೇಳಿ ಕಳಿಸಿರಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರೀತದೆ.

ಹವಾಲ್ದಾರರು ಹಾರ ಹಿಡ್ಕೊಂಡು ಬಂದರು. ನೋಡ್ತಾರೆ, ಬಿಳೀ ಗೋಡೆ, ಗೋಡೆಯಲ್ಲಿ ಒಬ್ಬ ಬಿಳೀ ಮನುಷ್ಯ!

“ಯಾರಯ್ಯ ನೀನು!”

“ಆಂ?”

ಕಿವಿ ಹತ್ತಿರ ಬಾಯಿಟ್ಟು ಕೂಗಿದರು. “ಯಾರು ನೀನು!”

“ಮುದ್ದೀರ ಕಣ್ ಸ್ವಾಮಿ. ಮೇಕೆ ಚೆನ್ನಾಗದಾ?”

“ಕೈ ಬಿಡು! ಸಾಹೇಬರು ಬರೋ ಹೊತ್ತಾಯಿತು!”

“ನಮ್ಮವ್ವ ಹೇಳ್ಬೇಕು. ನೀವು ನಮ್ಮವ್ವ ಅಲ್ಲ.”

ಎಳೆದರು, ಬರಲಿಲ್ಲ. “ಸಾವಧಾನ್!” ಅಂದರು, ಬರಲಿಲ್ಲ. “ವಿಶ್ರಾಮ್!” ಅಂದರು, ಮಂಡಿ ಸ್ವಲ್ಪ ಸಡಿಲ ಮಾಡಿ ಕೂತ ಅಷ್ಟೇ. ಗವಿಯಪ್ಪ ಕೊಪ್ಪಲಿಗೆ ಓಡಿದ, ಜವರಮ್ಮನನ್ನ ಕರ್ಕೊಂಡು ಬಂದ. ಅವಳು ಬಾಗಿಲಲ್ಲಿ ನಿಂತು ಕೂಗಿದಳು, “ಬಿಡೋ ಮುದ್ದೀರ!” ಹಜಾರ ಉದ್ದ, ಕಿವಿ ತುಂಬ ಸುಣ್ಣ. ಅವನು ತಿರುಗಿಯೂ ನೋಡಲಿಲ್ಲ.

ಹವಾಲ್ದಾರರು ಒಳಗೆ ನೋಡಿದರು, ಹೊರಗೆ ನೋಡಿದರು. ಒಳಗೆ ಬಿಡೋಕೆ ಹುಕುಂ ಇಲ್ಲ. ಬಿಡದಿದ್ದರೆ ಸಾಹೇಬರು ಬಂದಾಗ ಗೋಡೆಯಲ್ಲಿ ಮನುಷ್ಯ. ಬೆವರು ಒರೆಸಿಕೊಂಡು ಹಲಗೆ ಕಡೆ ತಿರುಗಿದರು, ಏನಾದರೂ ದಾರಿ ಬರೆದಿದೆಯೇನೋ ಅಂತ.

ಹಲಗೆ ಬೆಳ್ಳಗಿತ್ತು. ಮಗುಚಿ ನೋಡಿದರು. ಆ ಕಡೆ ಮೊದಲಿಂದಲೂ ಏನೂ ಇರಲಿಲ್ಲ.

“ಏನೂ ಬರೆದಿಲ್ಲಮ್ಮ” ಅಂದರು ಹವಾಲ್ದಾರರು. ಅವರ ದನಿ ಯಾಕೋ ಗಡಸಾಗಿರಲಿಲ್ಲ. “ಒಳಗೆ ಬಾ.”

ಜವರಮ್ಮ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಬಂದಳು. ಒಂದು, ಎರಡು, ಮೂರು ಅಂತ ಒಂಬತ್ತು ಮಂಚ ಎಣಿಸಿದಳು. ಸೆರಗಿನ ತುದಿಯಿಂದ ಮಗನ ಬಲಗಿವಿ ಒರೆಸಿದಳು. ಎಡಗಿವಿ ಒರೆಸೋಷ್ಟು ತಾಳ್ಮೆ ಅವಳಿಗಿರಲಿಲ್ಲ.

“ಬಿಡು ಮಗ” ಅಂದಳು.

ಮುದ್ದೀರ ಕೈ ತೆಗೆದ. ಹಾಲಿನಂಥ ಗೋಡೆ. ಅದರ ನಡುವೆ ಒಂದೇ ಒಂದು ಕೆಂಪು ಕೈ.

ಜವರಮ್ಮ ತನ್ನ ಬಲಗೈಯನ್ನ ಅದರ ಮೇಲೆ ಇಟ್ಟಳು. ಅವಳ ಕೈ ಪೂರ್ತಿ ಅದರೊಳಗೆ ಹೋಯಿತು. ಅಪ್ಪನ ಬೆರಳು ಅವಳ ಬೆರಳಿಗಿಂತ ಒಂದೊಂದು ಗೆಣ್ಣು ಉದ್ದ. “ಅಪ್ಪಾ” ಅಂದಳು. ಆ ಮಾತನ್ನ ಅವಳು ಅದುವರೆಗೂ ಯಾರಿಗೂ ಅಂದಿರಲಿಲ್ಲ.

ಹೊರಗೆ ಜೀಪಿನ ಸದ್ದಾಯಿತು. ಹವಾಲ್ದಾರರು ಮೆಲ್ಲಗೆ ಹೇಳಿದರು, “ಅಮ್ಮ, ಸಾಹೇಬರು ಬಂದರು. ಕೈ ತೆಗಿ.”

ಅವಳು ತೆಗೆಯಲಿಲ್ಲ.

“ಕೈ ತೆಗಿಯಮ್ಮ!”

“ನೀವು ಹೇಳಿದ್ರೆ ತೆಗೆಯಾಕಿಲ್ಲ ಸ್ವಾಮಿ” ಅಂದ ಮುದ್ದೀರ. “ನಂಗೆ ನಮ್ಮವ್ವ ಹೇಳ್ಬೇಕಾಗಿತ್ತು. ಅವ್ಳಿಗೆ ಅವ್ರಪ್ಪ ಹೇಳ್ಬೇಕು.”

ಗವಿಯಪ್ಪ ನೆಲ ನೋಡಿದ. ಹವಾಲ್ದಾರರು ಹಾರ ನೋಡಿದರು. ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಮುದ್ದೀರನಿಗೆ ತಿಳಿಯಿತು. ಗೋಡೆ ಹತ್ತಿರ ಬಾಯಿಟ್ಟು, “ತಾತ, ನಮ್ಮವ್ವಂಗೆ ಬಿಡು ಅನ್ನು” ಅಂದ. ಅಂದು, ಗೋಡೆಗೆ ಕಿವಿ ಕೊಟ್ಟು ನಿಂತ. ಯಾವ ಕಿವಿ? ಎಡಗಿವಿ!

ಬೂಟಿನ ಸದ್ದು ಹತ್ತಿರ ಬಂತು. ದೊಡ್ಡ ಸಾಹೇಬರು ಬಾಗಿಲಲ್ಲಿ ನಿಂತರು. ಬಿಳೀ ಗೋಡೆ, ಕೆಂಪು ಕೈ, ಅದರೊಳಗೊಂದು ಮುದುಕಿ ಕೈ, ಪಕ್ಕದಲ್ಲಿ ಗೋಡೆಗೆ ಕಿವಿ ಕೊಟ್ಟ ಬಿಳೀ ಮನುಷ್ಯ. ಅವರಿಗೆ ತಲೆ ಬುಡ ಅರ್ಥವಾಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡರು. ಹವಾಲ್ದಾರರು ಸಲಾಮು ಹೊಡೆಯೋದನ್ನ ಮರೆತು ಪಿಸುಗುಟ್ಟಿದರು, “ಏನಂತಾನಯ್ಯ?”

“ಏನೋ ಅಂದ ಕಣ್ ಸ್ವಾಮಿ. ಕಿವೀಲಿ ಸುಣ್ಣ, ಕೇಳಿಸ್ನಿಲ್ಲ. ಇನ್ನೊಂದ್ಸಲ ಹೇಳು ಅಂದಿವ್ನಿ.” ಮುದ್ದೀರ ಅವ್ವನ ಕಡೆ ತಿರುಗಿದ. “ತಡಿ ಕಣವ್ವ. ಕೈ ತೆಗೀಬೇಡ.”

ಜವರಮ್ಮ ಕೈ ತೆಗೆಯಲಿಲ್ಲ.